ಏಜೆಂಟರಿಗೆ ಒಂದೂವರೆ ಲಕ್ಷ ಕೊಡಲೇ?

ಪ್ರಶ್ನೆ: ಕೊಣಾಜೆಯಲ್ಲಿ ಸಾಗರ ಭೂವಿಜ್ಞಾನದ ಎಂ.ಎಸ್ಸಿ. ಮುಗಿಸಿದ್ದೇನೆ. ಜರ್ಮನಿಯಲ್ಲಿ ಪಿಎಚ್.ಡಿ. ಮಾಡುವ ಆಸೆ. ಪೂರ್ಣ ವಿದ್ಯಾರ್ಥಿವೇತನ ಕೊಡಿಸುತ್ತೇನೆಂದು ಏಜೆಂಟರೊಬ್ಬರು ಒಂದೂವರೆ ಲಕ್ಷ ರೂಪಾಯಿ ಕೇಳುತ್ತಿದ್ದಾರೆ. ಅಪ್ಪ ಸಾಲ ಮಾಡಿಯಾದರೂ ಕೊಡುತ್ತೇನೆ ಎನ್ನುತ್ತಾರೆ. ಕೊಡಬಹುದೇ? ನಾನು ಪ್ರಾಧ್ಯಾಪಕರಿಗೆ ಕಳಿಸಬೇಕೆಂದಿರುವ ಇ-ಮೇಲ್ ಜೊತೆಗಿದೆ.
— ಓದುಗಿ, ಮೂಲ್ಕಿ

ಉತ್ತರ: ಬೇಡ. ಈ ಪುಟವನ್ನು ಅಪ್ಪನಿಗೂ ಓದಿ ಹೇಳಿ.

ಜರ್ಮನಿಯಲ್ಲಿ ಪಿಎಚ್.ಡಿ. ಮಾಡುವವರಲ್ಲಿ ಬಹಳಷ್ಟು ಮಂದಿ ಸಂಬಳದ ನೌಕರರು. ಪ್ರಾಧ್ಯಾಪಕರ ಯೋಜನೆಗೆ ಹಣ ಮಂಜೂರಾದಾಗ ಹುದ್ದೆಯ ಜಾಹೀರಾತು ಹೊರಡುತ್ತದೆ. ಅದರಲ್ಲಿ ‘ಟಿವಿ-ಎಲ್ ಇ13, ಶೇ. 65’ ಎಂದಿದ್ದರೆ ಅಲ್ಲಿನ ಸರ್ಕಾರಿ ವೇತನಶ್ರೇಣಿಯ ಆ ದರ್ಜೆಯ ಪೂರ್ಣ ಸಂಬಳದಲ್ಲಿ ಶೇ. 65 ನಿಮಗೆ. ಆರಿಸುವವರು ಅಲ್ಲಿನವರು, ನಡುವೆ ಏಜೆಂಟರಿಗೆ ಕೆಲಸವೇ ಇಲ್ಲ. ನಿಮ್ಮ ವಿಷಯಕ್ಕೆ ಕೀಲ್‌ನ ಜಿಯೊಮಾರ್, ಬ್ರೆಮೆನ್‌ನ ಮಾರುಮ್, ಬ್ರೆಮರ್‌ಹಾಫೆನ್‌ನ ಆಲ್ಫ್ರೆಡ್ ವೆಗೆನರ್ ಸಂಸ್ಥೆಗಳ ಜಾಲತಾಣಗಳಲ್ಲಿ ಹುದ್ದೆಗಳ ಪುಟವನ್ನು ಆಗಾಗ ನೋಡುತ್ತಿರಿ. ಯುರೋಪಿನ ಬೇರೆ ದೇಶಗಳಿಗೆ ಯುರಾಕ್ಸೆಸ್ ಎಂಬ ಸಂಶೋಧನಾ ಹುದ್ದೆಗಳ ಜಾಲತಾಣವಿದೆ. ಡಿಎಎಡಿ (ಜರ್ಮನಿಯ ಶೈಕ್ಷಣಿಕ ವಿನಿಮಯ ಸಂಸ್ಥೆ) ವಿದ್ಯಾರ್ಥಿವೇತನದ ದಾರಿ ಬೇರೆ, ಆದರೆ ಅದಕ್ಕೂ ಅಲ್ಲಿನ ಮಾರ್ಗದರ್ಶಕರ ಒಪ್ಪಿಗೆ ಪತ್ರ ಬೇಕು.

ಈಗ ನಿಮ್ಮ ಇ-ಮೇಲ್. ‘ತಮ್ಮ ಘನ ಸಂಸ್ಥೆಯಲ್ಲಿ ಯಾವುದೇ ವಿಷಯದಲ್ಲಿ ಸಂಶೋಧನೆಗೆ ಸಿದ್ಧಳಿದ್ದೇನೆ’ ಎಂಬ ಸಾಲನ್ನು ಹೊಡೆದುಹಾಕಿ. ನೇತ್ರಾವತಿ–ಗುರುಪುರ ಅಳಿವೆಯ ಹೂಳನ್ನು 63 ಮೈಕ್ರಾನ್ ಜರಡಿಯಲ್ಲಿ ತೊಳೆದು, ಸೂಕ್ಷ್ಮದರ್ಶಕದಡಿ ಫೋರಾಮಿನಿಫೆರಾ ಎಂಬ ಏಕಕೋಶ ಜೀವಿಗಳ ಚಿಪ್ಪುಗಳನ್ನು ಎಣಿಸಿದ ಸಂಗತಿಯನ್ನು ಕೊನೆಯಲ್ಲಿ, ಹೇಳಲೋ ಬೇಡವೋ ಎಂಬಂತೆ ಸೇರಿಸಿದ್ದೀರಿ. ಪತ್ರ ಶುರುವಾಗಬೇಕಾದುದೇ ಅಲ್ಲಿಂದ! ಮಾದರಿ ತೆಗೆದದ್ದು ಮಳೆಗಾಲಕ್ಕೆ ಮೊದಲೋ ಆಮೇಲೋ, ಎಷ್ಟು ಆಳದಿಂದ, ಏನು ಕಂಡಿತು ಎಂಬುದನ್ನು ಬರೆಯಿರಿ. ಬಳಿಕ ಆ ಪ್ರಾಧ್ಯಾಪಕರ ಇತ್ತೀಚಿನ ಒಂದು ಪ್ರಬಂಧ ಓದಿ, ನಿಮಗೆ ನಿಜವಾಗಿ ಹುಟ್ಟಿದ ಒಂದು ಪ್ರಶ್ನೆ ಕೇಳಿ. ಒಂದು ಪುಟ ಮೀರಬಾರದು. ಒಂದೇ ಪತ್ರವನ್ನು ಮದುವೆಯ ಕರೆಯೋಲೆಯಂತೆ ಊರಿಗೆಲ್ಲ ಹಂಚಬೇಡಿ. ಉತ್ತರ ಬಾರದಿದ್ದರೆ ಎರಡು ವಾರ ಬಿಟ್ಟು ಒಮ್ಮೆ ನೆನಪಿಸಿ, ಸಾಕು.

ಈ ನಡುವೆ ಸಿಎಸ್‌ಐಆರ್ ನೆಟ್ (ವಿಜ್ಞಾನ ವಿಷಯಗಳ ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಪರೀಕ್ಷೆಯನ್ನೂ ಕಟ್ಟಿ. ಭೂಮಿ, ವಾಯುಮಂಡಲ, ಸಾಗರ ವಿಜ್ಞಾನಗಳಿಗೆಂದೇ ಅದರಲ್ಲೊಂದು ಪತ್ರಿಕೆಯಿದೆ. ಅದರಿಂದ ಜೆಆರ್‌ಎಫ್ (ಕಿರಿಯ ಸಂಶೋಧಕರ ಫೆಲೋಶಿಪ್) ಸಿಕ್ಕರೆ ತಿಂಗಳಿಗೆ 37,000 ರೂಪಾಯಿ, ಮೇಲೆ ಮನೆ ಬಾಡಿಗೆ ಭತ್ಯೆ. ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯೂ ನಿಮ್ಮ ಪಟ್ಟಿಯಲ್ಲಿರಲಿ. ವಿಮಾನ ಹತ್ತದೆ ಸಿಕ್ಕಿದ್ದಕ್ಕೆ ನಮ್ಮ ಕರಾವಳಿಯಲ್ಲಿ ಬೆಲೆ ಕಡಿಮೆ. ಅದಕ್ಕೆ ನೀವು ಕಿವಿಗೊಡಬೇಡಿ.

ಪ್ರಶ್ನೆ: ನನಗೆ 32 ವರ್ಷ, ಕನ್ನಡ ಎಂ.ಎ. ಜೆಆರ್‌ಎಫ್ ವಯಸ್ಸು ಮುಗಿಯಿತೇ? ರಾಜ್ಯದ ಕೆ-ಸೆಟ್ ಪರೀಕ್ಷೆ ಬರೆದರೆ ಸಾಲದೇ?
— ಗೃಹಿಣಿ, ಕಾಪು

ಉತ್ತರ: ಮುಗಿದಿಲ್ಲ. ಮಿತಿ 30 ಆದರೂ ಮಹಿಳೆಯರಿಗೆ ಐದು ವರ್ಷಗಳ ಸಡಿಲಿಕೆಯಿದೆ. ಯಾವ ದಿನಾಂಕಕ್ಕೆ ವಯಸ್ಸು ಲೆಕ್ಕ ಹಾಕುತ್ತಾರೆಂದು ಅಧಿಸೂಚನೆಯಲ್ಲಿ ನೋಡಿಕೊಳ್ಳಿ. ಕೆ-ಸೆಟ್ ಅಧ್ಯಾಪಕ ಹುದ್ದೆಗೆ ಅರ್ಹತೆ ಕೊಡುತ್ತದೆ, ಫೆಲೋಶಿಪ್ ಕೊಡುವುದಿಲ್ಲ. ಹಣ ಬೇಕಿದ್ದರೆ ಯುಜಿಸಿ ನೆಟ್ ಬರೆಯಿರಿ.