ರಾತ್ರಿಯೆಲ್ಲಾ ಸುತ್ತುವ ಪಾಂಡು

ರಾಜಾಜಿನಗರದ ಓದುಗರೊಬ್ಬರು ಬರೆದಿದ್ದಾರೆ: ‘ನಮ್ಮ ನಾಯಿ ಪಾಂಡುವಿಗೆ 13 ವರ್ಷ. ಈಚೆಗೆ ರಾತ್ರಿ ಎರಡು ಗಂಟೆಗೆ ಎದ್ದು ಹಾಲ್‌ನಲ್ಲಿ ಸುತ್ತು ಹೊಡೆಯುತ್ತಾನೆ. ಗೋಡೆ ನೋಡಿ ಬೊಗಳುತ್ತಾನೆ. ದೇವರ ಮನೆ ಮುಂದೆ ಉಚ್ಚೆ ಹೊಯ್ದ ಅಂತ ಅತ್ತೆಗೆ ಬೇಜಾರು. ನಿದ್ದೆ ಮಾತ್ರೆ ಅರ್ಧ ಕೊಡಬಹುದಾ? ಬಾಡಿಗೆ ಮನೆ ಬೇರೆ ಬದಲಾಯಿಸಬೇಕು. ಯಾರಿಗಾದರೂ ಕೊಟ್ಟುಬಿಡಿ ಅನ್ನುತ್ತಿದ್ದಾರೆ.’

ಅಮ್ಮ, ಮೊದಲು ಮಾತ್ರೆ ವಿಷಯ. ಮನೆಯವರ ನಿದ್ದೆ ಮಾತ್ರೆ ಕಾಲು ಭಾಗವೂ ಬೇಡ. ನೋವಿನ ಮಾತ್ರೆಯೂ ಬೇಡ. ನಮಗೆ ಒಗ್ಗುವ ಐಬುಪ್ರೊಫೆನ್‌ನಿಂದ ನಾಯಿಯ ಹೊಟ್ಟೆ, ಕಿಡ್ನಿ ಕೆಡುತ್ತವೆ.

ನೀವು ಬರೆದ ಲಕ್ಷಣಗಳು ಮುದಿ ನಾಯಿಗಳಿಗೆ ಬರುವ ಮರೆವಿನ ಕಾಯಿಲೆಗೆ ಹೊಂದುತ್ತವೆ. ಮನುಷ್ಯರ ಅಲ್ಝೈಮರ್‌ನಲ್ಲಿ ಕಾಣುವ ಅಮಿಲಾಯ್ಡ್ ಎಂಬ ಪ್ರೋಟೀನ್ ಈ ನಾಯಿಗಳ ಮೆದುಳಿನಲ್ಲೂ ಕಟ್ಟಿಕೊಳ್ಳುತ್ತದೆ. ಇದೇನೂ ಅಪರೂಪವಲ್ಲ. ಅಮೆರಿಕದಲ್ಲಿ 2001ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 11-12 ವರ್ಷದ ನಾಯಿಗಳಲ್ಲಿ ಶೇ 28ರಷ್ಟಕ್ಕೆ, 15-16 ವರ್ಷದವುಗಳಲ್ಲಿ ಶೇ 68ರಷ್ಟಕ್ಕೆ ಇಂಥ ಒಂದಾದರೂ ಲಕ್ಷಣ ಕಂಡಿತ್ತು. ಬಾಗಿಲು ತೆರೆಯುವ ಕಡೆ ಬಿಟ್ಟು ಕೀಲಿನ ಕಡೆ ಸಂದಿಗೆ ಮೂತಿ ಇಟ್ಟು ನಿಲ್ಲುತ್ತಾನಾ, ಗಮನಿಸಿ. ಅದೂ ಒಂದು ಗುರುತು.

ಆದರೆ ‘ವಯಸ್ಸಾಯ್ತು, ಅಷ್ಟೇ’ ಅಂತ ಮನೆಯಲ್ಲೇ ತೀರ್ಮಾನ ಮಾಡಬೇಡಿ. ಇದನ್ನು ಮಾತ್ರ ನಾನು ಒತ್ತಿ ಹೇಳುತ್ತೇನೆ. ಉಚ್ಚೆ ಹೊಯ್ಯುವುದಕ್ಕೆ ಮೂತ್ರದ ಸೋಂಕು, ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ ಕಾರಣ ಇರಬಹುದು. ಕೀಲು ನೋವಿದ್ದರೆ ರಾತ್ರಿ ಮಲಗಲಾಗದೆ ಎದ್ದು ಓಡಾಡುತ್ತಾನೆ. ಕಣ್ಣು ಮಂಜಾದರೆ, ಕಿವಿ ಕೇಳದಿದ್ದರೆ ಗಾಬರಿ ಬೀಳುತ್ತಾನೆ. ಇವುಗಳಲ್ಲಿ ಹಲವಕ್ಕೆ ಚಿಕಿತ್ಸೆ ಇದೆ. ಮರೆವಿನ ಕಾಯಿಲೆ ಇದೇ ಅಂತ ಹೇಳಲು ಒಂದೇ ಒಂದು ಟೆಸ್ಟ್ ಇಲ್ಲ. ರಕ್ತ, ಮೂತ್ರ, ಬಿಪಿ ನೋಡಿ, ಉಳಿದ ಕಾರಣಗಳನ್ನು ಒಂದೊಂದಾಗಿ ತೆಗೆದುಹಾಕುತ್ತಾ ಡಾಕ್ಟರ್ ಅಲ್ಲಿಗೆ ಬರಬೇಕು. ನಿಮ್ಮ ಡಾಕ್ಟರ್ ಹತ್ತಿರ ಸೌಲಭ್ಯ ಇಲ್ಲದಿದ್ದರೆ ಹೆಬ್ಬಾಳದ ಪಶುವೈದ್ಯ ಕಾಲೇಜಿನ ಆಸ್ಪತ್ರೆ ಇದೆ. ಹೋಗುವಾಗ ರಾತ್ರಿ ಓಡಾಟದ ವಿಡಿಯೊ ಫೋನಿನಲ್ಲಿ ಇರಲಿ. ಟೇಬಲ್ ಮೇಲೆ ನಿಲ್ಲಿಸಿದಾಗ ಪಾಂಡು ಸರಿಯಾಗೇ ಇರಬಹುದು, ಅಲ್ವಾ?

ಕಾಯಿಲೆ ಅದೇ ಆದರೆ ಪೂರ್ತಿ ವಾಸಿ ಮಾಡುವ ಔಷಧಿ ಇಲ್ಲ. ಸೆಲೆಜಿಲಿನ್ ಎಂಬ ಮಾತ್ರೆಯಿಂದ ಕೆಲವು ನಾಯಿಗಳು ಸುಧಾರಿಸುತ್ತವೆ. ಮೈಮೇಲಿನ ಉಣ್ಣೆ ಹುಳ ಸಾಯಲಿ ಅಂತ ಅಮಿಟ್ರಾಜ್ ಎಂಬ ದ್ರಾವಣ ಹಚ್ಚುತ್ತಿದ್ದರೆ ಡಾಕ್ಟರಿಗೆ ಮರೆಯದೆ ಹೇಳಿ. ಇವೆರಡೂ ಒಟ್ಟಿಗೆ ಆಗಬಾರದು.

ಮನೆಯಲ್ಲಿ ಮಾಡಬೇಕಾದ್ದೇ ಜಾಸ್ತಿ. ಸೋಫಾ, ಹಾಸಿಗೆ, ನೀರಿನ ಬಟ್ಟಲು ಜಾಗ ಬದಲಾಗಬಾರದು. ಟೈಲ್ಸ್ ಜಾರುತ್ತದೆ, ಅವನು ಓಡಾಡುವ ದಾರಿಯಲ್ಲಿ ಗೋಣಿಚೀಲವನ್ನೋ ರಬ್ಬರ್ ಮ್ಯಾಟನ್ನೋ ಹಾಸಿ. ರಾತ್ರಿ ಝೀರೊ ಬಲ್ಬ್ ಉರಿಯಲಿ. ಫ್ರಿಜ್ ಪಕ್ಕದ ಸಂದಿಗೆ ಏನಾದರೂ ಅಡ್ಡ ಇಡಿ. ಈ ನಾಯಿಗಳು ಮುಂದಕ್ಕೆ ನುಗ್ಗುತ್ತವೆ, ಹಿಂದೆ ಸರಿಯುವುದು ತಿಳಿಯದೆ ಅಲ್ಲೇ ನಿಂತುಬಿಡುತ್ತವೆ. ಆಗ ಹಿಂದಿನಿಂದ ಹೋಗಿ ಕಾಲರ್ ಎಳೆಯಬೇಡಿ. ಅವನಿಗೆ ಕಾಣುವ ಹಾಗೆ ಬನ್ನಿ, ಕೈ ಮೂಸಲು ಕೊಡಿ, ಆಮೇಲೆ ಮೆಲ್ಲಗೆ ತಿರುಗಿಸಿ. ಬೆಳಗಿನ ಬಿಸಿಲಲ್ಲಿ ಗೊತ್ತಿರುವ ಬೀದಿಯಲ್ಲೇ ನಡೆಸಿ, ಎಷ್ಟು ಹೊತ್ತಾದರೂ ಮೂಸಲಿ ಬಿಡಿ. ಹಗಲಿಡೀ ಮಲಗಿದರೆ ರಾತ್ರಿ ನಿದ್ದೆ ಎಲ್ಲಿಂದ ಬರಬೇಕು? ನೀವು ಮಲಗುವ ಮುಂಚೆ ಒಮ್ಮೆ ಉಚ್ಚೆಗೆ ಕರೆದುಕೊಂಡು ಹೋಗಿ. ಅತ್ತೆಯವರಿಗೆ ಹೇಳಿ, ಅವನು ಬೇಕಂತ ಮಾಡುತ್ತಿಲ್ಲ. ಗದರಿದರೆ ಯಾಕೆ ಅಂತ ಗೊತ್ತಾಗದೆ ಇನ್ನಷ್ಟು ಹೆದರುತ್ತಾನೆ. ರಾತ್ರಿ ಏಳುವುದು ನಿಮ್ಮೊಬ್ಬರ ಪಾಲಿಗೆ ಬೀಳದಿರಲಿ, ಮನೆಯವರು ಸರದಿ ಮಾಡಿಕೊಳ್ಳಿ.

ಕೊಟ್ಟುಬಿಡುವ ಮಾತಿಗೆ ನನ್ನ ಒಪ್ಪಿಗೆ ಇಲ್ಲ. ಹುಟ್ಟಿ ಬೆಳೆದ ಮನೆಯಲ್ಲೇ ದಾರಿ ತಪ್ಪುವವನು ಗುರುತಿಲ್ಲದವರ ನಡುವೆ ಏನು ಮಾಡಿಯಾನು? ಹೊಸ ಮನೆಗೆ ಜೊತೆಗೇ ಕರೆದುಕೊಂಡು ಹೋಗಿ. ಆದರೆ ಗ್ರೌಂಡ್ ಫ್ಲೋರ್ ಮನೆಯನ್ನೇ ಹುಡುಕಿ. ಅವನ ಹಾಸಿಗೆ ಒಗೆಯದೆ ಹಾಗೇ ತನ್ನಿ, ಮೊದಲ ಕೆಲವು ದಿನ ಒಂದೇ ಕೋಣೆಯಲ್ಲಿ ಇರಲಿ. ಕಾಲರ್‌ಗೆ ನಿಮ್ಮ ಫೋನ್ ನಂಬರ್ ಇರುವ ಬಿಲ್ಲೆ ಕಟ್ಟಿ, ಸಾಮಾನು ಇಳಿಸುವ ದಿನವೇ. ಅವತ್ತು ಗೇಟ್ ತೆರೆದೇ ಇರುತ್ತದೆ. ಹೊಸ ಏರಿಯಾದ ಬೀದಿನಾಯಿಗಳು ಅವನನ್ನು ಸುಮ್ನೆ ಬಿಡುವುದಿಲ್ಲ.