ಸಂಪಾದಕರ ಉತ್ತರ: ಆಂಟಿಬಾಡಿ ಅಷ್ಟೊಂದಿದ್ದೂ ವೈರಸ್ ಯಾಕೆ ಸಾಯಲಿಲ್ಲ?

ಹಾಸನ ಜಿಲ್ಲೆಯ ಓದುಗರೊಬ್ಬರ ಪತ್ರ: ‘ಅಕ್ಕನ ಮಗನಿಗೆ ಎಂಟು ತಿಂಗಳಿದ್ದಾಗ ದಡಾರ ಬಂದು ವಾಸಿಯಾಗಿತ್ತು. ಈಗ ಒಂಬತ್ತು ವರ್ಷ. ಲೆಕ್ಕದಲ್ಲಿ ಚುರುಕಾಗಿದ್ದ ಹುಡುಗನಿಗೆ ಮಗ್ಗಿಯೇ ಮರೆತುಹೋಗಿದೆ. ಕೈ ಜರ್ಕ್ ಹೊಡೆದು ಲೋಟ ಬೀಳಿಸುತ್ತಾನೆ. ಡಾಕ್ಟರು ಎಸ್‌ಎಸ್‌ಪಿಇ ಎಂದರು, ದಡಾರದ ವೈರಸ್ ಮಿದುಳಿನಲ್ಲೇ ಉಳಿದು ವರ್ಷಗಳ ಮೇಲೆ ಬರುವ ಮಿದುಳಿನ ಕಾಯಿಲೆಯಂತೆ. ಬೆನ್ನಿನ ನೀರಿನಲ್ಲಿ ದಡಾರದ ಆಂಟಿಬಾಡಿ ವಿಪರೀತ ಇದೆಯಂತೆ. ಅಷ್ಟಿದ್ದರೆ ವೈರಸ್ ಸಾಯಬೇಕಿತ್ತಲ್ಲ? ಆಮೇಲೆ ಹಾಕಿಸಿದ ಲಸಿಕೆಯಿಂದ ಹೀಗಾಯಿತಾ? ತಂಗಿಗೂ ಅಂಟುತ್ತದಾ?’

ಕೊನೆಯ ಎರಡಕ್ಕೆ ಮೊದಲು ಉತ್ತರ ಹೇಳಿಬಿಡುತ್ತೇನೆ, ಮನೆಯವರ ನಿದ್ದೆ ಕೆಡಿಸುವುದು ಅವೇ ಅಲ್ವಾ. ಇದು ಅಂಟುವುದಿಲ್ಲ. ಅಣ್ಣ ತಂಗಿ ಒಂದೇ ತಟ್ಟೆಯಲ್ಲಿ ಉಂಡರೂ ಭಯವಿಲ್ಲ. ಲಸಿಕೆಯೂ ಕಾರಣವಲ್ಲ. ಈ ರೋಗಿಗಳ ಮಿದುಳಿನಲ್ಲಿ ಸಿಕ್ಕ ವೈರಸ್ಸನ್ನು ಪರೀಕ್ಷಿಸಿದಾಗೆಲ್ಲ ಕಂಡಿದ್ದು ಊರೂರು ಸುತ್ತುವ ಕಾಡು ದಡಾರವೇ ಹೊರತು ಲಸಿಕೆಯದ್ದಲ್ಲ. ನಿಮ್ಮ ಹುಡುಗನಿಗೆ ದಡಾರ ಬಂದಾಗ ಲಸಿಕೆಯ ವಯಸ್ಸೇ ಆಗಿರಲಿಲ್ಲ. ಅಕ್ಕನ ತಪ್ಪು ಇದರಲ್ಲಿ ಏನೂ ಇಲ್ಲ. ದಯವಿಟ್ಟು ಅವರಿಗೆ ಇದನ್ನು ಓದಿ ಹೇಳಿ.

ಇನ್ನು ಮೊದಲ ಪ್ರಶ್ನೆ. ಈ ಕಾಯಿಲೆಯ ಮಕ್ಕಳಲ್ಲಿ ದಡಾರದ ಆಂಟಿಬಾಡಿ ರಾಶಿಗಟ್ಟಲೆ ಇರುವುದನ್ನು ಬೆಲ್‌ಫಾಸ್ಟಿನ ವೈದ್ಯರು 1967ರಲ್ಲೇ ತೋರಿಸಿದರು. 1969ರಲ್ಲಿ ಮಿದುಳಿನಿಂದ ವೈರಸ್ಸೇ ಸಿಕ್ಕಿತು. ಆದರೆ ಸುಲಭವಾಗಿ ಅಲ್ಲ. ಮಿದುಳಿನ ಜೀವಕೋಶಗಳನ್ನು ಬೇರೆ ಜೀವಕೋಶಗಳ ಜೊತೆ ಸೇರಿಸಿ ಬೆಳೆಸಬೇಕಾಯಿತು. ಗುಟ್ಟು ಇರುವುದು ಅಲ್ಲೇ. ಈ ವೈರಸ್ ಹೊರಗೆ ಬರುವುದೇ ಇಲ್ಲ.

ಮಾಮೂಲಿ ದಡಾರದ ವೈರಸ್ ಒಂದು ಜೀವಕೋಶದಿಂದ ಹೊರಬಿದ್ದು ಇನ್ನೊಂದಕ್ಕೆ ನುಗ್ಗುತ್ತದೆ. ಹಾಗೆ ಬರುವಾಗಲೇ ಆಂಟಿಬಾಡಿ ಅದನ್ನು ಹಿಡಿಯುವುದು. ಮಿದುಳು ಸೇರಿದ ವೈರಸ್ ವರ್ಷಗಟ್ಟಲೆ ಬದಲಾಗುತ್ತಾ ಹೋಗುತ್ತದೆ. ಹೊರಬರಲು ಬೇಕಾದ ಎಂ ಪ್ರೋಟೀನ್ ಕೆಟ್ಟುಹೋಗುತ್ತದೆ. ಪಕ್ಕದ ಕೋಶಕ್ಕೆ ಬೆಸೆದುಕೊಳ್ಳಲು ಬೇಕಾದ ಎಫ್ ಪ್ರೋಟೀನ್ ಮಾತ್ರ ಇನ್ನಷ್ಟು ಚುರುಕಾಗುತ್ತದೆ. ಪೊಲೀಸರು ಬೀದಿಯಲ್ಲಿ ಗಸ್ತು ತಿರುಗುತ್ತಿದ್ದರೆ, ಕಳ್ಳ ಗೋಡೆಗೆ ಕನ್ನ ಕೊರೆದು ಮನೆಯಿಂದ ಮನೆಗೆ ಒಳಗಿಂದೊಳಗೇ ಹೋದ ಹಾಗೆ. ಪೊಲೀಸರನ್ನು ದುಪ್ಪಟ್ಟು ಮಾಡಿದರೂ ಸಿಗುವುದಿಲ್ಲ. ವಿಚಿತ್ರವೆಂದರೆ, ಇದೇ ಮಕ್ಕಳಲ್ಲಿ ವೈರಸ್ಸಿನ ಬೇರೆ ಪ್ರೋಟೀನುಗಳ ವಿರುದ್ಧ ಆಂಟಿಬಾಡಿ ಧಾರಾಳ, ಎಂ ಪ್ರೋಟೀನಿನ ವಿರುದ್ಧ ಮಾತ್ರ ತೀರಾ ಕಡಿಮೆ.

ಇನ್ನೊಂದು ವಿಷಯವೂ ಇದೆ. ಆಂಟಿಬಾಡಿ ಅಂಟಿಕೊಂಡಾಗ ಸೋಂಕಿತ ಕೋಶ ತನ್ನ ಮೈಮೇಲಿನ ವೈರಸ್ ಗುರುತುಗಳನ್ನು ಒಳಗೆಳೆದುಕೊಂಡುಬಿಡುತ್ತದೆ. ಇದನ್ನು ಪ್ರಯೋಗಾಲಯದಲ್ಲಿ ಕಂಡಿದ್ದಾರೆ. ಅಂದರೆ ಆಂಟಿಬಾಡಿಯೇ ವೈರಸ್ಸಿಗೆ ಮರೆಯಾಗಬಹುದು. ಸೋಂಕಿತ ಕೋಶವನ್ನೇ ಕೊಲ್ಲಬಲ್ಲ ಟಿ ಕೋಶಗಳು ಮಿದುಳಿಗೆ ಬರುತ್ತವೆ. ಆದರೆ ನರಕೋಶಗಳು ‘ನನ್ನೊಳಗೆ ವೈರಸ್ ಇದೆ’ ಎಂಬ ಸೂಚನೆಯನ್ನು ಅಷ್ಟಾಗಿ ಹೊರಗೆ ತೋರಿಸುವುದಿಲ್ಲ. ಕೊನೆಗೆ ಉಳಿಯುವುದು ಉರಿಯೂತ. ಅದರಿಂದ ಮಿದುಳಿಗೆ ಇನ್ನಷ್ಟು ಪೆಟ್ಟು.

ಹಾಗಾಗಿ ರಿಪೋರ್ಟಿನ ಆ ದೊಡ್ಡ ಅಂಕಿಯನ್ನು ನೋಡಿ ‘ಶಕ್ತಿ ಚೆನ್ನಾಗಿದೆ’ ಎಂದು ಯಾರಾದರೂ ಸಮಾಧಾನ ಹೇಳಿದರೆ ನಂಬಬೇಡಿ. ಆಂಟಿಬಾಡಿ ಮಿದುಳಿನೊಳಗೇ ತಯಾರಾಗುತ್ತಿದೆ, ಅಂದರೆ ವೈರಸ್ ಅಲ್ಲೇ ಇದೆ ಎಂದಷ್ಟೇ ಅದರ ಅರ್ಥ. ರೋಗನಿರೋಧಕ ಶಕ್ತಿ ಹೆಚ್ಚಿಸುವ ಕಷಾಯ, ಪುಡಿ ಎಂದು ಮಾರುವವರು ಬಂದರೆ ಸುಮ್ನೆ ಬಾಗಿಲು ಹಾಕಿಕೊಳ್ಳಿ.

ಎಂಟು ತಿಂಗಳ ಮಾತಿಗೆ ಬರೋಣ. ಎರಡು ವರ್ಷದೊಳಗೆ, ಅದರಲ್ಲೂ ಮೊದಲ ವರ್ಷದಲ್ಲಿ ದಡಾರ ಬಂದವರಿಗೇ ಅಪಾಯ ಜಾಸ್ತಿ. ಎಳೆಗೂಸಿನ ರೋಗನಿರೋಧಕ ವ್ಯವಸ್ಥೆ ಇನ್ನೂ ಬಲಿತಿರುವುದಿಲ್ಲ, ವೈರಸ್ಸನ್ನು ಪೂರ್ತಿ ಗುಡಿಸಿಹಾಕಲು ಅದಕ್ಕೆ ಆಗುವುದಿಲ್ಲ. ಕ್ಯಾಲಿಫೋರ್ನಿಯಾದ ಒಂದು ಅಧ್ಯಯನದಲ್ಲಿ ಒಂದು ವರ್ಷ ತುಂಬುವ ಮೊದಲೇ ದಡಾರ ಬಂದ ಸುಮಾರು 600 ಮಕ್ಕಳಲ್ಲಿ ಒಬ್ಬರಿಗೆ ಮುಂದೆ ಈ ಕಾಯಿಲೆ ಬಂದಿತ್ತು.

ಪೂರ್ತಿ ವಾಸಿಮಾಡುವ ಔಷಧಿ ಇನ್ನೂ ಇಲ್ಲ. ಐಸೋಪ್ರಿನೋಸಿನ್ ಮಾತ್ರೆ, ಇಂಟರ್‌ಫೆರಾನ್ ಚುಚ್ಚುಮದ್ದು ಕೆಲವರಲ್ಲಿ ಕಾಯಿಲೆಯ ಓಟವನ್ನು ನಿಧಾನ ಮಾಡುತ್ತವೆ. ಜರ್ಕ್ ತಗ್ಗಿಸಲು ಬೇರೆ ಮಾತ್ರೆಗಳಿವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥ ಮಕ್ಕಳನ್ನು ದಶಕಗಳಿಂದ ನೋಡಿದ್ದಾರೆ, ಒಮ್ಮೆ ಕರೆದೊಯ್ಯಿರಿ. ತಂಗಿಯ ತಾಯಿ ಕಾರ್ಡ್ ತೆಗೆದು ನೋಡಿ: ಒಂಬತ್ತು ತಿಂಗಳು ತುಂಬಿದ ಮೇಲೆ ಒಂದು, ಹದಿನಾರರಿಂದ ಇಪ್ಪತ್ತನಾಲ್ಕು ತಿಂಗಳೊಳಗೆ ಇನ್ನೊಂದು, ಹೀಗೆ ದಡಾರ-ರುಬೆಲ್ಲಾ ಎರಡೂ ಡೋಸ್ ಆಗಿರಬೇಕು. ಎರಡನೆಯದು ಬಿಟ್ಟುಹೋಗಿದ್ದರೆ ಆಶಾ ಕಾರ್ಯಕರ್ತೆಗೆ ಇವತ್ತೇ ಹೇಳಿ.

– ಸಂಪಾದಕ