ಎಲ್ಲಾ ರಿಪೋರ್ಟೂ ನಾರ್ಮಲ್, ಹಾಗಾದರೆ ಈ ಜೋಮು ಯಾಕೆ?

(ಗುರುತು ಸಿಗದಂತೆ ಹೆಸರು, ಕಸುಬು ಬದಲಿಸಿದ್ದೇನೆ. ಅವರ ಒಪ್ಪಿಗೆ ಪಡೆದೇ ಬರೆದಿದ್ದೇನೆ.)

"ಟೆನ್ಷನ್ ಅಂದ್ರೆ ನಾನು ನಾಟಕ ಆಡ್ತಿದೀನಿ ಅಂತಾನಾ ಮೇಡಂ?"

ಆಪ್ತಸಲಹೆಗೆ ನನ್ನ ಹತ್ತಿರ ಬಂದ ಲೋಕೇಶ್ ಕುರ್ಚಿಯಲ್ಲಿ ಕೂತ ತಕ್ಷಣ ಕೇಳಿದ್ದು ಇದನ್ನೇ. ಹಾಸನ ಜಿಲ್ಲೆಯವರು, ವಯಸ್ಸು 38, ಸ್ವಂತ ಅಂಗಡಿ ಇದೆ. ಬೀಡಿ ಸಿಗರೇಟು ಇಲ್ಲ. ಮಾಂಸ, ಮೊಟ್ಟೆ ಮುಟ್ಟುವವರಲ್ಲ.

ತೊಂದರೆ ಶುರುವಾದದ್ದು 2025ರ ಜುಲೈನಲ್ಲಿ. ಆ ತಿಂಗಳು ನೆನಪಿದೆ ಅಲ್ವಾ? ಹಾಸನದಲ್ಲಿ ಒಬ್ಬರ ಹಿಂದೆ ಒಬ್ಬರು ಹೃದಯಾಘಾತದಿಂದ ತೀರಿಕೊಂಡ ಸುದ್ದಿ ಟಿವಿಯಲ್ಲಿ ಬೆಳಗಿಂದ ರಾತ್ರಿವರೆಗೆ ಓಡುತ್ತಿತ್ತು. ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ತಪಾಸಣೆಗೆ ಜನ ಸಾಲುಗಟ್ಟಿದ್ದರು. 2021ರ ಅಕ್ಟೋಬರ್‌ನಲ್ಲಿ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗಲೂ ಹೀಗೇ ಆಗಿತ್ತು. ಆಗ ಲೋಕೇಶ್ ಅಷ್ಟಾಗಿ ತಲೆ ಕೆಡಿಸಿಕೊಂಡಿರಲಿಲ್ಲ. ಈ ಸಲ ಪಕ್ಕದ ಬೀದಿಯಲ್ಲಿ ಅವರದೇ ವಯಸ್ಸಿನವರೊಬ್ಬರು ಹೋಗಿಬಿಟ್ಟರು.

ಒಂದು ರಾತ್ರಿ ಲೆಕ್ಕದ ಪುಸ್ತಕ ಮುಚ್ಚಿ ಏಳುವಾಗ ಎದೆ ಹಿಡಿದುಕೊಂಡಿತು. ಬಾಯಿಯ ಸುತ್ತ ಜುಮುಜುಮು. ತಲೆ ತೇಲಿದಂತಾಗಿ ಕಣ್ಣು ಮಂಜಾಯಿತು. ಎರಡೂ ಕೈಯ ಬೆರಳು ಸೆಟೆದು ಒಂದಕ್ಕೊಂದು ಅಂಟಿಕೊಂಡವು, ಬಿಡಿಸಲು ಆಗಲಿಲ್ಲ. ಹೆಂಡತಿ ಆಟೋದಲ್ಲಿ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ದರು. ಇಸಿಜಿ ಸರಿ ಇತ್ತು. ಆಮೇಲೆ ಟ್ರೋಪೋನಿನ್ (ಹೃದಯಕ್ಕೆ ಪೆಟ್ಟಾಗಿದೆಯೇ ನೋಡುವ ರಕ್ತಪರೀಕ್ಷೆ), ಎಕೋ (ಹೃದಯದ ಸ್ಕ್ಯಾನ್), ಟಿಎಂಟಿ (ನಡೆಸಿ, ಓಡಿಸಿ ನೋಡುವ ಇಸಿಜಿ), ಕೊನೆಗೆ ತಲೆಯ ಎಂಆರ್‌ಐ. ಎಲ್ಲಾ ನಾರ್ಮಲ್. ಆದರೆ ಅದೇ ಕಾಟ ಮತ್ತೆ ಮತ್ತೆ ಬಂತು. ಹೃದಯದ ಡಾಕ್ಟರು ನರದವರನ್ನು ನೋಡಿ ಎಂದರು. ನರದವರು "ಏನೂ ಇಲ್ಲ, ಟೆನ್ಷನ್" ಎಂದು ಕಳಿಸಿದರು.

ಈ "ಏನೂ ಇಲ್ಲ" ಎನ್ನುವ ಮಾತು ನನಗೆ ಒಗ್ಗದು. ಟೆಸ್ಟುಗಳು ಹೇಳಿದ್ದು ಇಷ್ಟೇ: ಹೃದಯದಲ್ಲಿ ಸದ್ಯ ಅಪಾಯದ ಗುರುತಿಲ್ಲ, ಮೆದುಳಿನಲ್ಲಿ ಗೆಡ್ಡೆಯಾಗಲಿ ಸ್ಟ್ರೋಕ್ ಆಗಲಿ ಕಂಡಿಲ್ಲ. ಬೆರಳು ಸೆಟೆದದ್ದು ಸುಳ್ಳು ಎಂದು ಯಾವ ಟೆಸ್ಟೂ ಹೇಳಿಲ್ಲ.

ಮಾತಾಡುವಷ್ಟು ಹೊತ್ತೂ ಅವರ ಬಲಗೈಯ ಎರಡು ಬೆರಳು ಎಡ ಮಣಿಕಟ್ಟಿನ ಮೇಲೇ ಇದ್ದವು, ನಾಡಿ ನೋಡುತ್ತಾ. ಆಗಾಗ ಭುಜ ಎತ್ತಿ ಉದ್ದಕ್ಕೆ ಉಸಿರು ಎಳೆಯುತ್ತಿದ್ದರು. ಕೇಳಿದರೆ, "ಉಸಿರು ಪೂರ್ತಿ ಒಳಗೆ ಹೋಗ್ತಾ ಇಲ್ಲ ಅನ್ಸುತ್ತೆ" ಎಂದರು.

ಅದನ್ನೇ ಹಿಡಿದು ವಿವರಿಸಿದೆ. ಬೇಕಾದ್ದಕ್ಕಿಂತ ಜಾಸ್ತಿ ಉಸಿರಾಡಿದರೆ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಇಳಿಯುತ್ತದೆ. ಆಗ ನರಗಳಿಗೆ ಒದಗುವ ಕ್ಯಾಲ್ಸಿಯಂ ತಗ್ಗಿ ಅವು ಸುಮ್ನೆ ಕೆರಳುತ್ತವೆ. ಬಾಯಿ ಜುಮ್ಮೆನ್ನುವುದು, ಬೆರಳು ಸೆಟೆಯುವುದು ಅದರಿಂದ. ಮೆದುಳಿನ ರಕ್ತನಾಳ ಕಿರಿದಾಗಿ ತಲೆ ತೇಲುತ್ತದೆ. ಪಕ್ಕೆಲುಬಿನ ನಡುವಿನ ಸ್ನಾಯು ದಣಿದು ಎದೆ ನೋಯುತ್ತದೆ. ಪ್ಯಾನಿಕ್ ಅಟ್ಯಾಕ್‌ನಲ್ಲಿ, ಅಂದರೆ ಏಕಾಏಕಿ ನುಗ್ಗುವ ವಿಪರೀತ ಗಾಬರಿಯಲ್ಲಿ, ಇದೆಲ್ಲ ಸಾಮಾನ್ಯವಾಗಿ 10 ನಿಮಿಷದೊಳಗೆ ಜೋರಾಗಿ, ನಂತರ ತಾನಾಗಿ ಇಳಿಯುತ್ತದೆ. ಕಾಯಿಲೆಗೆ ಹೆಸರಿಡುವುದು ನನ್ನ ಕೆಲಸವಲ್ಲ. ಮನೋವೈದ್ಯರ ಹತ್ತಿರ ಕಳಿಸಿದೆ. ಅವರು ಪ್ಯಾನಿಕ್ ಎಂದೇ ಹೇಳಿ ಚಿಕಿತ್ಸೆ ಶುರು ಮಾಡಿದರು.

ಜೊತೆಗೆ ಒಂದು ನೋಟ್‌ಬುಕ್ ಇಡಲು ಹೇಳಿದ್ದೆ. ಎಡ ಪುಟದಲ್ಲಿ ಬಂದು ಹೋಗುವ ತೊಂದರೆ, ಬಲ ಪುಟದಲ್ಲಿ ಯಾವಾಗಲೂ ಇರುವುದು. ಎಡ ಪುಟ ತುಂಬಿಹೋಗಿತ್ತು. ಬಲಗಡೆ ಒಂದೇ ಸಾಲು: "ಪಾದ ಜೋಮು. ಚಪ್ಪಲಿ ಕಾಲಿಂದ ಜಾರಿದ್ದು ಗೊತ್ತಾಗಲ್ಲ." ಹೆಂಡತಿ ಅದಕ್ಕೆ ಸೇರಿಸಿದರು: "ಬಚ್ಚಲಲ್ಲಿ ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದ್ರೆ ಇವ್ರು ಗೋಡೆ ಹಿಡ್ಕೊಳ್ತಾರೆ ಮೇಡಂ."

ಗಾಬರಿಯ ಜೋಮು ಗಾಬರಿ ಇಳಿದ ಮೇಲೂ ಹೀಗೆ ಕೂತಿರುವುದಿಲ್ಲ. ಊಟದ ಬಗ್ಗೆ ಕೇಳಿದೆ. ಸೊಪ್ಪು, ಕಾಳು, ಮುದ್ದೆ. ಕಫ ಆಗುತ್ತೆ ಅಂತ ಹಾಲು ಮೊಸರು ಬಿಟ್ಟು ವರ್ಷಗಳೇ ಆಗಿವೆ. ಎದೆ ಉರಿಗೆ ದಿನಾ ಬೆಳಿಗ್ಗೆ ಗ್ಯಾಸ್ ಮಾತ್ರೆ, ಅದೂ ಯಾರನ್ನೂ ಕೇಳದೆ ಮೆಡಿಕಲ್‌ನಿಂದ ತಂದು. ನರಗಳಿಗೆ ಬೇಕಾದ ಬಿ12 ವಿಟಮಿನ್ ಇರುವುದು ಮಾಂಸ, ಮೊಟ್ಟೆ, ಹಾಲಿನಲ್ಲಿ. ಗ್ಯಾಸ್ ಮಾತ್ರೆ ಬಹುಕಾಲ ನುಂಗಿದರೆ ಇರುವ ಬಿ12 ಕೂಡ ಮೈಗೆ ಸರಿಯಾಗಿ ಹತ್ತುವುದಿಲ್ಲ. ಇಷ್ಟನ್ನೂ ಒಂದು ಚೀಟಿಯಲ್ಲಿ ಬರೆದು ಅವರ ಊರಿನ ಫಿಸಿಷಿಯನ್‌ಗೆ ಕೊಟ್ಟು ಕಳಿಸಿದೆ. ಬಿ12 ತೀರಾ ಕಡಿಮೆ ಇತ್ತು. ಇಂಜೆಕ್ಷನ್ ಶುರುವಾಯಿತು. ಅಷ್ಟೊಂದು ಟೆಸ್ಟಿನ ನಡುವೆ ಇದೊಂದನ್ನು ಯಾರೂ ಮಾಡಿಸಿರಲಿಲ್ಲ. ಎಲ್ಲರ ಗಮನ ಎದೆಯ ಮೇಲೇ ಇತ್ತು.

"ಹಂಗಾದ್ರೆ ಎಲ್ಲಾದಕ್ಕೂ ಇದೇ ಕಾರಣ. ಪ್ಯಾನಿಕ್ ಅಲ್ಲ, ಅಲ್ವಾ?" ಲೋಕೇಶ್ ಮುಖದಲ್ಲಿ ಗೆದ್ದ ಕಳೆ. ಅಲ್ಲ, ಎರಡೂ ಇವೆ ಎಂದೆ. ಅವರಿಗೆ ರುಚಿಸಲಿಲ್ಲ. ಎಲ್ಲಾ ತೊಂದರೆಗೂ ಒಂದೇ ಕಾರಣ ಇರಬೇಕು ಎಂಬ ಹಟದಲ್ಲೇ ಅವರು ಊರೂರು ಅಲೆದದ್ದು. ಟೆನ್ಷನ್ ಎಂದು ಮುಗಿಸಿದವರು ಮಾಡಿದ್ದೂ ಅದನ್ನೇ.

ನಾನು ಕೊಟ್ಟ ಸಲಹೆ ಹೀಗಿತ್ತು. ಇನ್ನು ಮುಂದೆ ಒಬ್ಬರೇ ಫಿಸಿಷಿಯನ್. ರಿಪೋರ್ಟೆಲ್ಲ ತಾರೀಖಿನ ಪ್ರಕಾರ ಜೋಡಿಸಿ ಅವರಿಗೆ ತೋರಿಸಿ. ಹೊಸ ಟೆಸ್ಟು ಬೇಕೋ ಬೇಡವೋ ಅವರೇ ಹೇಳಲಿ. ಗ್ಯಾಸ್ ಮಾತ್ರೆ ನೀವೇ ನಿಲ್ಲಿಸಬೇಡಿ, ಅವರನ್ನು ಕೇಳಿ. ನಾಡಿ ನೋಡುವುದನ್ನು ಒಮ್ಮೆಗೇ ಬಿಡಲು ಆಗಲ್ಲ, ಬೆಳಿಗ್ಗೆ ಒಂದು ಸಲ, ರಾತ್ರಿ ಒಂದು ಸಲಕ್ಕೆ ಇಳಿಸಿ. ಉಸಿರಿನ ಅಭ್ಯಾಸ ಆರಾಮಾಗಿರುವಾಗಲೇ ಮಾಡಿ: ಮೂಗಿನಿಂದ ನಾಲ್ಕು ಎಣಿಸುವಷ್ಟು ಒಳಗೆ, ಆರು ಎಣಿಸುವಷ್ಟು ಹೊರಗೆ. ಜೋರಾಗಿ ಎಳೆಯುವುದು ಬೇಡ, ನಿಧಾನ ಸಾಕು. ಕಾಗದದ ಚೀಲದೊಳಗೆ ಉಸಿರಾಡುವ ಹಳೇ ಉಪಾಯ ಬೇಡವೇ ಬೇಡ. ನಿಜಕ್ಕೂ ಹೃದಯದ ತೊಂದರೆ ಇದ್ದರೆ ಅದು ಅಪಾಯ.

ಹೆಂಡತಿಗೆ ಬೇರೆಯೇ ಮಾತು. "ಏನಾಗಲ್ಲ, ಸುಮ್ನಿರಿ" ಅನ್ನುವ ಬದಲು "ನಾನಿದೀನಿ, ನಿಧಾನಕ್ಕೆ ಉಸಿರು ಬಿಡಿ" ಅನ್ನಿ. ಆದರೆ ಬಾಯಿ ಒಂದು ಕಡೆ ವಾಲಿದರೆ, ಒಂದೇ ಕೈಯೋ ಕಾಲೋ ಸೋತರೆ, ಮಾತು ತೊದಲಿದರೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಸ್ಟ್ರೋಕ್‌ಗೆ ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ನಡೆದಾಗ ಹಿಡಿದು ನಿಂತಾಗ ಬಿಡುವ ಎದೆನೋವು, ದವಡೆಗೋ ತೋಳಿಗೋ ಹರಿಯುವ ನೋವು, ತಣ್ಣನೆ ಬೆವರು, ಎಚ್ಚರ ತಪ್ಪುವುದು, ಇವೂ ಅಷ್ಟೇ. ಪ್ಯಾನಿಕ್ ಇದೆಯಲ್ಲ ಅಂತ ಮನೇಲಿ ಕೂರಬೇಡಿ. ಪ್ಯಾನಿಕ್ ಇದ್ದವರಿಗೆ ಹೃದಯಾಘಾತ ಬರಬಾರದು ಅಂತೇನಿಲ್ಲ. ಅಪಾಯವಿಲ್ಲದ ಸಂಕಟದ ರಾತ್ರಿ ಮಾತಾಡಲು ಯಾರಾದರೂ ಬೇಕೆನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ ಇದೆ, 14416. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಅಟ್ಯಾಕ್ ಈಗ ಕಡಿಮೆ, ಪೂರ್ತಿ ನಿಂತಿಲ್ಲ. ಬಂದಾಗ ಅಂಗಡಿಯಲ್ಲೇ ಕೂತು ಕಳೆಯುವುದನ್ನು ಕಲಿತಿದ್ದಾರೆ. ಪಾದದ ಜೋಮು ನಿಧಾನಕ್ಕೆ ಇಳಿಯುತ್ತಿದೆ. ನರಕ್ಕೆ ಬಿದ್ದ ಪೆಟ್ಟು ಮಾಯಲು ತಿಂಗಳುಗಟ್ಟಲೆ ಬೇಕು, ಪೂರ್ತಿ ವಾಸಿಯಾಗುತ್ತೆ ಎಂದು ಡಾಕ್ಟರು ಮಾತು ಕೊಟ್ಟಿಲ್ಲ. ಅದನ್ನೂ ಲೋಕೇಶ್‌ಗೆ ಹೇಳಿದ್ದೇವೆ.